ಫ್ಯಾನಿನ ಕೊಕ್ಕೆಯಲ್ಲಿ ಸೌತೆಕಾಯಿ

ಹರಿಣಾಕ್ಷಿ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಎಂಟನೆಯ ಸೌತೆಕಾಯಿಯ ತಳವನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ಒಳಗೆ ಹೋಯಿತು. ಹಳದಿ ನೀರು ಮೊಣಕೈವರೆಗೆ ಇಳಿದು, ಕೆಳಗೆ ಮಂಚದಲ್ಲಿ ಮಲಗಿದ್ದ ಗಂಡನ ಬನಿಯನಿನ ಮೇಲೆ ತೊಟ್ಟಿಕ್ಕಿತು.

“ಇದೂ ಹೋಯಿತಾ?” ಎಂದ ಯೋಗೀಶ.

“ಹೋಯಿತು.”

“ಹಾಗಾದರೆ ಇನ್ನು ಫ್ಯಾನ್ ಹಾಕುವ ಮಾರಾಯ್ತಿ. ನಾನೂ ಕೊಳೆಯಲಿಕ್ಕೆ ಶುರುವಾಗಿದ್ದೇನೆ. ನನ್ನನ್ನು ಒತ್ತಿ ನೋಡುವವರೇ ಇಲ್ಲ.”

ಫ್ಯಾನು ಗೋಣಿಯಲ್ಲಿ ಸುತ್ತಿಕೊಂಡು ಮಂಚದಡಿ ಬಿದ್ದಿತ್ತು. ಈ ಬಾಡಿಗೆ ಕೋಣೆಯಲ್ಲಿ ಇದ್ದದ್ದು ಒಂದೇ ಕೊಕ್ಕೆ. ಅದರಲ್ಲಿ ಈಗ ಸೌತೆಕಾಯಿ ಕಟ್ಟಿದ ಬಿದಿರಿನ ಕೋಲೊಂದು ನೇತಾಡುತ್ತಿತ್ತು.

ಶಿರಿಯ ಊರಿನ ಹಳೆಯ ಮನೆಯಲ್ಲಿ ಹಂಚಿನ ಮಾಡನ್ನು ಹೊತ್ತ ಮರದ ಪಕ್ಕಾಸುಗಳು ಬೇಕಾದಷ್ಟಿದ್ದವು. ಬಾಳೆನಾರಿನಲ್ಲಿ ಕಟ್ಟಿ, ಒಂದಕ್ಕೊಂದು ತಾಗದಂತೆ ತೂಗು ಹಾಕಿದರೆ ಸೌತೆಕಾಯಿಗಳು ಒಲೆಯ ಹೊಗೆ ಕುಡಿದುಕೊಂಡು ಮಳೆಗಾಲ ದಾಟುತ್ತಿದ್ದವು. ಅತ್ತೆ ಮದುವೆಯಾಗಿ ಬರುವಾಗ ತವರಿನಿಂದ ತಂದ ಬೀಜ ಅದು. ಹೆದ್ದಾರಿ ಅಗಲ ಮಾಡುವಾಗ ಮೊದಲು ಹಿತ್ತಿಲು ಹೋಯಿತು, ಆಮೇಲೆ ಮನೆ. ಜೆಸಿಬಿ ಬರುವ ಮುಂಚೆ, ಮಾರ್ಚಿನಲ್ಲಿ, ಹರಿಣಾಕ್ಷಿ ಕೊಯ್ದು ತಂದದ್ದು ಒಂಬತ್ತು. ತೂಗು ಹಾಕಿದರೆ ಸಾಕು ಎಂದು ನಂಬಿದ್ದಳು. ಆದರೆ ತಾರಸಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಕೆಳಗಿಳಿಸುತ್ತಿತ್ತು. ಒಂದೊಂದೇ ಮೆತ್ತಗಾದವು, ಒಳಗಿನ ಬೀಜವೂ ಕಪ್ಪು. ಚೆನ್ನಾಗಿದ್ದ ಒಂದನ್ನು ಒಡೆದು ಕಿಟಕಿಯಲ್ಲಿ ಬೀಜ ಒಣಗಿಸಿದರೆ, ಇಲಿ ಬರೀ ಸಿಪ್ಪೆ ಬಿಟ್ಟು ಹೋಗಿತ್ತು.

“ಬೀಜ ಬೂದಿಯಲ್ಲಿ ಹಾಕಿಡು ಅಂತ ನಾನು ಹೇಳಲಿಲ್ಲವಾ?” ಎಂದ ಯೋಗೀಶ.

“ಬೂದಿ ಎಲ್ಲಿಂದ ತರುವುದು? ಗ್ಯಾಸಿನಲ್ಲಿ ಬೂದಿ ಉಂಟಾ?”

ಯೋಗೀಶ ಮಗ್ಗುಲು ಬದಲಿಸಿದ.

ಉಳಿದದ್ದು ಒಂದೇ. ಮೇ ಕೊನೆಗೆ ಮೊದಲ ಮಳೆ ಬಿದ್ದ ಮರುದಿನ ಅದನ್ನು ಹಳೆಸೀರೆಯ ತುಂಡಿನಲ್ಲಿ ಸುತ್ತಿ, ಪಕ್ಕದವರ ಚೀಲ ತಾಗದಂತೆ ಮಡಿಲಲ್ಲಿ ಹಿಡಿದು, ಹರಿಣಾಕ್ಷಿ ಪುತ್ತಿಗೆಯ ಬಸ್ಸು ಹತ್ತಿದಳು. ಅಲ್ಲಿ ಯೋಗೀಶನ ಅಕ್ಕ ಅಮ್ಮಣಿಗೆ ಮನೆಯ ಹಿಂದೆ ಹತ್ತು ಸೆಂಟ್ಸ್ ಜಾಗವಿತ್ತು.

ಅಮ್ಮಣಿ ಹಿತ್ತಿಲಲ್ಲಿ ಹರಿದ ಸೀರೆಗಳ ಬೇಲಿಯನ್ನು ಗೂಟದಿಂದ ಬಿಚ್ಚುತ್ತಿದ್ದಳು.

“ಅತ್ತಿಗೆ, ಅತ್ತೆಯ ಸೌತೆ. ಇದೊಂದೇ ಉಳಿದದ್ದು. ಮೂಲೆಯಲ್ಲಿ ಎರಡು ಬಳ್ಳಿಯಾದರೂ ಸಾಕು.”

ಅಮ್ಮಣಿ ಗಂಟು ಬಿಚ್ಚಿ, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಬಡಿದಳು.

“ಗಟ್ಟಿ ಉಂಟು,” ಎಂದು ನಕ್ಕಳು. “ಅಮ್ಮ ಲೆಕ್ಕ ಮಾಡಿ ತೂಗು ಹಾಕುತ್ತಿದ್ದರು. ನಿನ್ನ ಗಂಡ ಒಂದು ಕದ್ದು ಪೆಟ್ಟು ತಿಂದದ್ದು ಹೇಳಿದ್ದಾನಾ?”

“ಇಲ್ಲ.” ಹರಿಣಾಕ್ಷಿಯ ಎದೆ ಒಂದು ಗಳಿಗೆ ಹಗುರವಾಯಿತು. “ಹಾಗಾದರೆ ಹಾಕುತ್ತೀರಲ್ಲ?”

ಅಮ್ಮಣಿ ಹಿತ್ತಿಲಿನತ್ತ ಕೈ ತೋರಿಸಿದಳು. ಮಣ್ಣು ಮೊಣಕಾಲುದ್ದ ಅಗೆದು ಮಗುಚಿ ಹಾಕಿದಂತಿತ್ತು. “ಮೂರು ವರ್ಷ ನೋಡಿದೆ. ಹಂದಿ, ನವಿಲು, ಮಂಗ. ರೇಷನ್ ಅಂಗಡಿಗೆ ಬಂದ ಹಾಗೆ ಸಾಲಾಗಿ ಬರುತ್ತವೆ. ಇನ್ನು ನಾನು ಎಂತದೂ ಹಾಕುವುದಿಲ್ಲ.”

“ಬೀಜವಾದರೂ ಇಟ್ಟುಕೊಳ್ಳಿ ಅತ್ತಿಗೆ. ನಿಮ್ಮಲ್ಲಿ ಒಲೆ ಉಂಟು, ಬೂದಿ ಉಂಟು.”

ಅಮ್ಮಣಿ ಕಾಯಿಯನ್ನು ಸೀರೆಯ ತುಂಡಿನಲ್ಲಿ ಮತ್ತೆ ಸುತ್ತಿದಳು. ಎರಡು ಗಂಟು ಹಾಕಿ, ಹರಿಣಾಕ್ಷಿಯ ಕೈಗಿಟ್ಟಳು.

“ಬೇಡ. ಬೀಜ ಕಣ್ಣೆದುರು ಇದ್ದರೆ ಮತ್ತೆ ಹಾಕುವ ಅಂತ ಕಾಣುತ್ತದೆ. ತೆಗೆದುಕೊಂಡು ಹೋಗು.”