ದೋಣಿಗೆ ಟ್ರಾಲಿ ಬಣ್ಣ

ಕಾಗವಾಡದ ಬಣ್ಣದಂಗಡಿಯಲ್ಲಿ ರಾವಸಾಹೇಬರು ದೋಣಿಗೆ ಬಣ್ಣ ಆರಿಸುತ್ತಿದ್ದರು. ಪಂಚಾಯತಿ ಅಧ್ಯಕ್ಷರಾದ ಮೇಲೆ ಅವರಿಗೆ ತಿಳಿಯದ ವಿಷಯವೇ ಉಳಿದಿರಲಿಲ್ಲ. ಪಕ್ಕದಲ್ಲಿ ಅಂಬಿಗರ ದಶರಥ ಹಲ್ಲು ಕಚ್ಚಿ ನಿಂತಿದ್ದ. ಅವನಪ್ಪ ಕಟ್ಟಿದ ಹಾಯಿದೋಣಿ ಅದು. ಕೃಷ್ಣೆಗೆ ಸೇತುವೆಯಾದ ಮೇಲೆ ಮೂಲೆಗೆ ಬಿದ್ದಿತ್ತು. ಹೊಳೆ ಊರೊಳಗೆ ಬಂದಾಗ ಮಾತ್ರ ಎಲ್ಲರಿಗೂ ಅದರ ನೆನಪು. ಊರಿಗೆಲ್ಲ ಇದ್ದದ್ದು ಅದೊಂದೇ ದೋಣಿ, ಮಳೆಗಾಲಕ್ಕೆ ಉಳಿದದ್ದು ಒಂದೇ ತಿಂಗಳು. ತಳ ಸೋರಿದರೆ ಹತ್ತಿದವರೆಲ್ಲ ನೀರುಪಾಲು.

"ಹಳೇ ಬಣ್ಣ ಕೆರೀಬೇಕ್ರಿ, ಕಟಗಿ ಹದಿನೈದ ದಿನ ಒಣಗಬೇಕು. ಆಮ್ಯಾಲ ನೀರ ತಡಿಯೂ ಇಪಾಕ್ಸಿ ಪ್ರೈಮರ್ ಎರಡ ಕೈ, ಅದರ ಮ್ಯಾಲ ದೋಣಿ ಬಣ್ಣ," ಅಂದ ದಶರಥ.

"ಹದಿನೈದ ದಿನ? ತಹಶೀಲ್ದಾರ ಸಾಹೇಬ್ರು ನಾಡಿದ್ದ ದೋಣಿ ನೋಡಾಕ ಬರ್ತಾರ. ನಮ್ಮ ಪೇಂಟರ್ ಸಮಾಧಾನ ಕಬ್ಬಿನ ಟ್ರಾಲಿಗಿ ಹಚ್ಚೂ ಬಣ್ಣ ನೋಡಿಲ್ಲೇನ? ಐದ ವರ್ಷಾದ್ರೂ ಹೊಳೀತೈತಿ. ಲಯ್ ಭಾರಿ!"

"ಟ್ರಾಲಿ ಮಳಿಗಾಲದಾಗ ಶೆಡ್ಡಿನ್ಯಾಗ ಮಲಗತೈತ್ರಿ. ದೋಣಿಗಿ ಆವಾಗ ಕೆಲಸ."

ರಾವಸಾಹೇಬರು ಕೇಳಿಸದವರಂತೆ ಗುಲಾಬಿ ಡಬ್ಬಿಯತ್ತ ಬೆರಳು ತೋರಿಸಿದರು.

ಮರುದಿನ ಟ್ರಾಲಿ ಪೇಂಟರ್ ಸಮಾಧಾನ ಬಂದ. ಹಸಿ ಕಟ್ಟಿಗೆಗೆ ಕಬ್ಬಿಣಕ್ಕೆ ಹಚ್ಚುವ ರೆಡ್ ಆಕ್ಸೈಡ್ ಬಳಿದು, ಅದು ಆರುವ ಮೊದಲೇ ಗುಲಾಬಿ ಹೊಡೆದ. ಒಂದು ಬದಿಗೆ ನವಿಲು, ಇನ್ನೊಂದಕ್ಕೆ ಕಬ್ಬಿನ ಜಲ್ಲೆ, ಎರಡೂ ಕಡೆ ಅಂಚಿನಲ್ಲೇ ರಾವಸಾಹೇಬರ ಹೆಸರು. ಹಿಂದೆ 'ಹಾರ್ನ್ ಹೊಡೆಯಿರಿ' ಎಂದೂ ಬರೆದ. ವರ್ಷಗಳ ರೂಢಿ, ಕೈ ಕೇಳಲಿಲ್ಲ. ಹಾಯಿಯ ಜಾಗಕ್ಕೆ ರಾವಸಾಹೇಬರ ಹುಟ್ಟುಹಬ್ಬದ ಫ್ಲೆಕ್ಸ್ ಏರಿತು.

"ತಳಕ್ಕರಿ?" ಎಂದು ಕೇಳಿದ ದಶರಥ.

"ತಳ ಯಾರಿಗಿ ಕಾಣತೈತಿ? ಫೋಟೋದಾಗ ಬರೂದಿಲ್ಲ ಬಿಡು," ಅಂದರು ರಾವಸಾಹೇಬರು.

ದಶರಥನಿಗೆ ಹೇಸಿಗೆಯಾಯಿತು. ಆದರೆ ಆ ದಡ್ಡತನದಿಂದ ಒಂದು ಉಪಕಾರವಾಗಿತ್ತು: ತಳ ಅವನ ಪಾಲಿಗೆ ಉಳಿದಿತ್ತು. ತಹಶೀಲ್ದಾರ ಸಾಹೇಬರು ಬಂದು ಫೋಟೋ ತೆಗೆಸಿಕೊಂಡು ಹೋದದ್ದೇ ತಡ, ದೋಣಿ ಮಗುಚಿ ಹಾಕಿದ. ನೀರು ಮುಟ್ಟುವಷ್ಟು ಎತ್ತರದವರೆಗೆ ಕೆರೆದ, ಒಣಗಿಸಿದ, ಸಂದುಗಳನ್ನು ಮುಚ್ಚಿದ. ಚಿಕ್ಕೋಡಿ ಸುತ್ತಿ ನಿಪ್ಪಾಣಿಯಲ್ಲಿ ಹುಡುಕಿ ತಂದ ಪ್ರೈಮರನ್ನು ಎರಡು ಕೈ ಬಳಿದು, ಮೇಲೆ ದೋಣಿಯ ಬಣ್ಣ ಹಚ್ಚಿದ. ಧೂಳು ಕೂರದಂತೆ ಅದೇ ಫ್ಲೆಕ್ಸ್ ಹೊದಿಸಿದ. ರಾವಸಾಹೇಬರ ಮುಖ ಅಷ್ಟಕ್ಕಾದರೂ ಕೆಲಸಕ್ಕೆ ಬಂತು.

ಆಗಸ್ಟಿನಲ್ಲಿ ಹೊಳೆ ಏರಿತು. ದಶರಥ ಮೂರು ದಿನ ಜನರನ್ನು ದಾಟಿಸಿದ. ಕೊನೆಗೆ, ಮನೆಯ ಕೆಳಅಂತಸ್ತು ಮುಳುಗಿ ಮಾಳಿಗೆಯ ಮೇಲೆ ಛತ್ರಿ ಹಿಡಿದು ಕೂತಿದ್ದ ರಾವಸಾಹೇಬರ ಸರದಿ ಬಂತು. ದೋಣಿಗಿಳಿದವರು ಎರಡೂ ಕೈಯಿಂದ ಅಂಚನ್ನು ಬಿಗಿಯಾಗಿ ಹಿಡಿದರು. ನಡು ಹೊಳೆಗೆ ಬಂದ ಮೇಲೆ ಬಗ್ಗಿ ಒಳಗೆಲ್ಲ ನೋಡಿದರು. ಎಲ್ಲಿಯೂ ಸೋರಿಕೆಯಿಲ್ಲ. ಜೀವದ ಜೊತೆ ಗತ್ತೂ ಮರಳಿತು.

"ನೋಡಿದೇನ ದಶರಥಾ, ನಮ್ಮ ಬಣ್ಣ ಹೆಂಗ ತಡೀತು! ಸಮಾಧಾನಗ ಒಂದ ಸತ್ಕಾರ ಮಾಡಬೇಕು."

ದಶರಥ ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ.

"ಮಾಡ್ರಿ. ಮೊದಲ ಕೈ ನೋಡ್ಕೋರಿ."

ರಾವಸಾಹೇಬರು ಅಂಗೈ ತಿರುಗಿಸಿದರು. ಅಂಚಿನಿಂದ ಎದ್ದು ಬಂದ ಗುಲಾಬಿ ಚಕ್ಕೆಗಳು ಅಲ್ಲಿ ಮೆತ್ತಿಕೊಂಡಿದ್ದವು. ಅವರ ಹೆಸರಿನ ಮೊದಲ ಅಕ್ಷರವೂ ಅದರಲ್ಲೇ ಇತ್ತು.