ಟೆಗ್ವಿನ್ ಕೊಂಡ ಹಳದಿ ಕಾರು

ನನ್ನ ಗಂಡ ಟೆಗ್ವಿನ್ ಮೂವತ್ತು ವರ್ಷ ಹೆಣದ ಗಾಡಿ ಓಡಿಸಿದವನು. ನಮ್ಮೂರು ಟ್ರೆಗಾರನ್ನಿನಲ್ಲಾಗಲಿ ಸುತ್ತಲ ಹಳ್ಳಿಗಳಲ್ಲಾಗಲಿ ಯಾರು ತೀರಿಕೊಂಡರೂ ಅವರನ್ನು ಪ್ರಾರ್ಥನೆಯ ಚಾಪೆಲ್‌ನಿಂದ ಸ್ಮಶಾನಕ್ಕೆ ಒಯ್ಯುತ್ತಿದ್ದವನು ಅವನೇ. ಕಪ್ಪು ಕೋಟು, ಕಪ್ಪು ಟೈ, ಹಿಂದೆ ನಡೆದು ಬರುವ ಮುದುಕರಿಗೂ ಏದುಸಿರು ಬರದಂಥ ವೇಗ. “ಇವತ್ತಿನ ತನಕ ನಿನ್ನ ಪ್ಯಾಸೆಂಜರ್ ಒಬ್ಬರೂ ತಕರಾರು ಮಾಡಿಲ್ಲ ಬಿಡಪ್ಪ” ಎಂದು ಪಬ್ಬಿನಲ್ಲಿ ಗೆಳೆಯರು ಛೇಡಿಸುತ್ತಿದ್ದರು. ಅವನೂ ನಗುತ್ತಿದ್ದ. ನಿವೃತ್ತನಾದ ವಸಂತದಲ್ಲಿ ನನಗೆ ಒಂದು ಮಾತೂ ಹೇಳದೆ ಬಸ್ಸು ಹತ್ತಿ ಹತ್ತಿರದ ದೊಡ್ಡ ಪಟ್ಟಣ ಅಬರಿಸ್ಟ್ವಿತ್‌ಗೆ ಹೋದವನು, ಸಂಜೆ ಹೊಸ ಕಾರು ಓಡಿಸಿಕೊಂಡು ಬಂದ.

ನಿಂಬೆಹಣ್ಣಿನ ಹಳದಿ. ನೆಲಕ್ಕೆ ಹೊಟ್ಟೆ ತಾಗಿಸಿ ಕೂತ ಹಾಗಿತ್ತು. ಅಗಲವಾದ ಟೈರುಗಳು, ಚಾವಣಿಯ ಹಿಂತುದಿಗೆ ಒಂದು ಕರಿ ರೆಕ್ಕೆ, ಕೆಳಗೆ ನನ್ನ ಮುಂಗೈಯಷ್ಟು ದಪ್ಪದ ಎರಡು ಹೊಗೆ ಕೊಳವೆ. ನಾನು ಶಾಲೆಯ ಅಡುಗೆಮನೆಯಿಂದ ಬಂದು ಏಪ್ರನ್ ಕೂಡ ಬಿಚ್ಚಿರಲಿಲ್ಲ.

“ಏನಿದು?” ಎಂದೆ.

“ಹ್ಯಾಚ್‌ಬ್ಯಾಕ್ ಕಣೇ. ಹಿಂದಿನ ಬಾಗಿಲು ಮೇಲಕ್ಕೆ ಎತ್ತುತ್ತೆ. ಸಾಮಾನು ತರೋಕೆ ಅನುಕೂಲ.”

“ಎರಡು ಚೀಲ ಆಲೂಗಡ್ಡೆ ತರೋಕೆ ಈ ಅವತಾರ ಬೇಕಿತ್ತಾ?”

ಅವನು ಕಾರಿನ ನೆತ್ತಿಯ ಮೇಲೆ ಕೈಯಿಟ್ಟ. “ಎಲೂನೆಡ್, ಇಷ್ಟು ವರ್ಷ ನಾನು ಗಾಡಿ ಹತ್ತಿದಾಗೆಲ್ಲ ಯಾರೋ ಒಬ್ರು ಅಳ್ತಾ ಇರ್ತಿದ್ರು” ಎಂದ. “ಯಾರೂ ಅಳದೆ ಇರೋ ಒಂದು ಗಾಡಿ ಓಡಿಸ್ಬೇಕು ಅಂತ ಆಸೆ.”

ನಾನು ಏಪ್ರನ್ ಬಿಚ್ಚುತ್ತ ಒಳಗೆ ಹೋದೆ.

ಶನಿವಾರ ಬೆಳಿಗ್ಗೆ ಮೊದಲ ಸಲ ಅವನ ಪಕ್ಕ ಕೂತೆ. ಸೀಟು ಎರಡೂ ಕಡೆಯಿಂದ ಸೊಂಟವನ್ನು ಅಮುಕಿ ಹಿಡಿಯಿತು. ಬೇಡವೆಂದರೂ ಬಿಡದ ನೆಂಟರ ಹಾಗೆ. ಗುಂಡಿ ಒತ್ತಿದ ತಕ್ಷಣ ಎಂಜಿನ್ ಒಮ್ಮೆ ಬೊಗಳಿತು. ಎದುರು ಮನೆಯ ಪರದೆ ಸರಿಯಿತು. ಪೇಟೆಯೊಳಗೆ ಟೆಗ್ವಿನ್ ತನ್ನ ಹಳೆಯ ವೇಗದಲ್ಲೇ ಹೋದ. ನನಗೆ ಸಮಾಧಾನವಾಯಿತು. ಆದರೆ ಅವನು ಚೌಕದಲ್ಲಿ ಅಂಗಡಿಗಳ ಕಡೆ ಎಡಕ್ಕೆ ತಿರುಗಲಿಲ್ಲ, ಬೆಟ್ಟದ ಕಡೆ ತಿರುಗಿಸಿದ.

ಬೆಟ್ಟದಾಚೆಯ ಅಬರ್ಗ್ವೆಸಿನ್ ಕಡೆಗೆ ಹೋಗುವ ಆ ರಸ್ತೆ ಒಂದೇ ಗಾಡಿಯ ಅಗಲದ್ದು. ಎದುರಿಗೆ ಯಾರಾದರೂ ಬಂದರೆ ಒಬ್ಬರು ಹಿಂದೆ ಸರಿದು ಜಾಗ ಬಿಡಬೇಕು. ಒಂದು ಕಡೆ ಜರೀಗಿಡದ ಇಳಿಜಾರು, ಇನ್ನೊಂದು ಕಡೆ ಗುಡ್ಡ, ಎಲ್ಲೆಂದರಲ್ಲಿ ಕುರಿ. ಕೊನೆಯ ಮನೆ ದಾಟಿದ ಮೇಲೆ ಟೆಗ್ವಿನ್ ಜೋರಾಗಿ ಓಡಿಸಲೆಂದೇ ಇದ್ದ, ‘ಸ್ಪೋರ್ಟ್’ ಎಂದು ಬರೆದ ಕೆಂಪು ಗುಂಡಿ ಒತ್ತಿದ. ಸ್ಟೀರಿಂಗ್ ಹಿಂದಿನ ದೀಪಗಳೆಲ್ಲ ಕೆಂಪಗಾದವು.

ಆಮೇಲೆ ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಬೇಲಿಗಳು ಕಲಸಿಹೋದವು. ಅವನು ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗಲೆಲ್ಲ ಹಿಂದಿನ ಕೊಳವೆಗಳಿಂದ ಢಬ್ ಢಬ್ ಎಂದು ಕೋವಿ ಹಾರಿಸಿದ ಸದ್ದು. ತಿರುವಿನಲ್ಲಿ ಅವನು ತುಸು ಅಂಚಿಗೆ ಹೋದರೆ ಸ್ಟೀರಿಂಗ್ ತಾನೇ ಅಲುಗಿ ಒಳಕ್ಕೆ ಎಳೆಯುತ್ತಿತ್ತು. ನಮ್ಮಿಬ್ಬರ ಜೊತೆ ಕಾಣದವರು ಇನ್ನೊಬ್ಬರು ಕೂತಿದ್ದಾರೆ ಅನ್ನಿಸಿ ನನ್ನ ಮೈ ಜುಮ್ಮೆಂದಿತು.

“ನಿಧಾನ ಹೋಗು” ಎಂದೆ. “ಟೆಗ್ವಿನ್, ನಿಧಾನ.”

ಅವನಿಗೆ ಕೇಳಿಸಲಿಲ್ಲ. ಕೇಳಿಸಿದರೂ ಕೇಳಿಸದವನ ಹಾಗಿದ್ದ. ತಿರುಗಿ ಅವನ ಮುಖ ನೋಡಿದೆ. ತುಟಿ ತೆರೆದಿತ್ತು, ಕಣ್ಣು ಹೊಳೆಯುತ್ತಿತ್ತು. ಮಗಳು ಹುಟ್ಟಿದ ದಿನವೂ ಆ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. ವೇಗಕ್ಕಿಂತ ನನಗೆ ಹೆದರಿಕೆಯಾದದ್ದು ಅದರಿಂದಲೇ. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಮನುಷ್ಯ, ನನ್ನ ದನಿ ತಲುಪದ ಜಾಗದಲ್ಲಿ ಕೂತಿದ್ದ. ಎರಡೂ ಕಾಲನ್ನು ನೆಲಕ್ಕೆ ಒತ್ತಿ, ಇಲ್ಲದ ಬ್ರೇಕನ್ನು ತುಳಿಯುತ್ತ, ಕಣ್ಣು ಮುಚ್ಚಿಕೊಂಡೆ. ಮುಚ್ಚಿದಾಗ ಇನ್ನೂ ಭಯವಾಯಿತು. ತೆರೆದೆ.

ಮುಂದೆ ದಿಬ್ಬ. ಅದರಾಚೆ ಬರೀ ಆಕಾಶ.

ದಿಬ್ಬದ ನೆತ್ತಿ ದಾಟಿದೆವು. ಎದುರಿಗೆ ರಸ್ತೆಗೆ ಅಡ್ಡಲಾಗಿ ಒಂದು ಕಂದು ಕುದುರೆ, ಅದರ ಮೇಲೆ ಒಬ್ಬರು. ಟೆಗ್ವಿನ್ ಬ್ರೇಕ್ ತುಳಿದ. ಬೆಲ್ಟು ನನ್ನ ಎದೆಯನ್ನು ಸೀಳುವ ಹಾಗೆ ಹಿಡಿಯಿತು. ಕುದುರೆ ಹಿಂಗಾಲ ಮೇಲೆ ಎದ್ದದ್ದು, ಅದರ ಬಿಳಿಗಣ್ಣು, ಗಾಜಿನ ತುಂಬ ಅದರ ಹೊಟ್ಟೆ, ಇಷ್ಟೇ ನೆನಪು. ಕಾರು ಜರೀಗಿಡಗಳೊಳಗೆ ಮೂತಿ ತೂರಿಸಿ ನಿಂತಿತು. ಎಂಜಿನ್ ನಿಂತುಹೋಯಿತು.

ಕುದುರೆ ನಾವು ಬಂದ ದಾರಿಯಲ್ಲೇ ಊರಿನ ಕಡೆ ಪಟಪಟನೆ ಓಡಿಹೋಗುತ್ತಿತ್ತು. ಜೀನಿನ ಮೇಲೆ ಯಾರೂ ಇರಲಿಲ್ಲ.

“ಎಲ್ಲಿ?” ಎಂದೆ. “ಮೇಲಿದ್ದೋರು ಎಲ್ಲಿ?”

ಟೆಗ್ವಿನ್ ಸ್ಟೀರಿಂಗ್ ಬಿಡಲಿಲ್ಲ. ನಾನು ಇಳಿದೆ. ರಸ್ತೆಯಲ್ಲಿ ಯಾರೂ ಇಲ್ಲ. ಬಗ್ಗಿ ಕಾರಿನ ಕೆಳಗೆ ನೋಡಬೇಕು ಎಂದು ಗೊತ್ತಿತ್ತು. ಬಗ್ಗಲು ಧೈರ್ಯ ಬರಲಿಲ್ಲ. ಬಾನೆಟ್ ಹಿಡಿದುಕೊಂಡು ಬಗ್ಗಿದೆ. ಹುಲ್ಲು, ಕಲ್ಲು, ಅಷ್ಟೇ. ಕೂಗಿದೆ. ಗಾಳಿ ನನ್ನ ಕೂಗನ್ನು ಒಯ್ದಿತು. ಆ ಕ್ಷಣದಲ್ಲಿ ಟೆಗ್ವಿನ್ ಜೈಲಿಗೆ ಹೋಗುವುದನ್ನೂ, ಯಾರದೋ ಮನೆಯ ಬಾಗಿಲಲ್ಲಿ ನಾನು ನಿಂತು ಸುದ್ದಿ ಹೇಳುವುದನ್ನೂ ನೋಡಿಬಿಟ್ಟೆ.

ಆಗ ಇಳಿಜಾರಿನ ಕೆಳಗಿನ ಜೌಗಿನಿಂದ ಒಂದು ಬೈಗುಳ ಕೇಳಿಸಿತು. ಅಂಥ ಬೈಗುಳವನ್ನು ನಾನು ನನ್ನ ತಂದೆಯ ಬಾಯಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು.

ಮಾರ್ಗೆಡ್ ಹ್ಯೂಸ್ ಸೊಂಟದವರೆಗೆ ಕೆಸರಲ್ಲಿ ಕೂತಿದ್ದಳು. ಬೆಟ್ಟದ ಬುಡದಲ್ಲಿ ಕುದುರೆ ಸಾಕಿಕೊಂಡಿರುವ ಹೆಂಗಸು, ವಯಸ್ಸು ಎಪ್ಪತ್ತು ದಾಟಿದೆ. ಬಲ ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು. ನಾನೂ ಟೆಗ್ವಿನ್ನೂ ಸೇರಿ ಅವಳನ್ನು ಮೇಲಕ್ಕೆ ತಂದೆವು. ಅವಳು ಹಳದಿ ಕಾರನ್ನು ನೋಡಿದಳು, ಆಮೇಲೆ ಟೆಗ್ವಿನ್‌ನ ಮುಖ.

“ನೀನಾ? ಅಲ್ಲ ಕಣೋ, ನನ್ನ ಗಂಡನ್ನ ಅಷ್ಟು ನಿಧಾನವಾಗಿ ಕರ್ಕೊಂಡು ಹೋದೋನು, ನನ್ನನ್ನ ಕಳಿಸೋಕೆ ಇಷ್ಟು ಅವಸರ ಮಾಡ್ತೀಯಲ್ಲ!”

ಟೆಗ್ವಿನ್ ತನ್ನ ಕೋಟು ಬಿಚ್ಚಿ ಅವಳ ಹೆಗಲಿಗೆ ಹೊದಿಸಿದ.

ಫೋನಿಗೆ ಆ ಬೆಟ್ಟದಲ್ಲಿ ಸಿಗ್ನಲ್ ಇಲ್ಲ. ಆಸ್ಪತ್ರೆ ಇರುವುದು ಅಬರಿಸ್ಟ್ವಿತ್‌ನಲ್ಲಿ. “ಹತ್ತು, ನಾನು ಓಡಿಸ್ತೀನಿ” ಎಂದ ಟೆಗ್ವಿನ್, ಕೀಲಿ ಕೆಳಗೆ ಬೀಳಿಸಿದ. ಎತ್ತಿಕೊಳ್ಳಲು ಹೋಗಿ ಮತ್ತೆ ಬೀಳಿಸಿದ.

“ಇವನು ಓಡಿಸೋದಾದ್ರೆ ನಾನು ತೆವಳ್ಕೊಂಡಾದ್ರೂ ಹೋಗ್ತೀನಿ” ಎಂದಳು ಮಾರ್ಗೆಡ್.

ನಾನು ಕೀಲಿ ಎತ್ತಿಕೊಂಡೆ. ಲೈಸೆನ್ಸ್ ನನಗಿದೆ. ಆದರೆ ಮದುವೆಯಾದ ಮೇಲೆ ಸ್ಟೀರಿಂಗ್ ಮುಟ್ಟಿದ್ದು ಕಡಿಮೆ. ಅದಕ್ಕೂ ಮೊದಲು ಓಡಿಸಿದ್ದು ಅಪ್ಪನ ಟ್ರ್ಯಾಕ್ಟರ್. ಮಾರ್ಗೆಡ್‌ಳನ್ನು ಮುಂದೆ ಕೂರಿಸಿ, ಅವಳ ಕೈಗೆ ನನ್ನ ಸ್ಕಾರ್ಫ್ ಕಟ್ಟಿದೆ. ಟೆಗ್ವಿನ್ ಹಿಂದಿನ ಇಕ್ಕಟ್ಟಿನಲ್ಲಿ ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂತ.

ಗುಂಡಿ ಒತ್ತಿದೆ. ಅದು ಬೊಗಳಿತು. ನಾನು ಬೆಚ್ಚಿದೆ. ಕ್ಲಚ್ ನನ್ನ ತೊಡೆ ನೋಯುವಷ್ಟು ಗಟ್ಟಿ. ಮೊದಲ ಸಲ ಮುಗ್ಗರಿಸಿ ನಿಂತಿತು, ಎರಡನೇ ಸಲ ಕಪ್ಪೆಯಂತೆ ಹಿಂದಕ್ಕೆ ರಸ್ತೆಗೆ ಹಾರಿತು. ಮಾರ್ಗೆಡ್ ನೋವಿಗೆ ಕಿರುಚಿದಳು.

“ತಪ್ಪಾಯ್ತು, ತಪ್ಪಾಯ್ತು.”

“ಬೆರಳಲ್ಲಿ ಮುಟ್ಟಿದ ಹಾಗೆ ಮುಟ್ಟು ಕಣಮ್ಮಾ. ಒದೀಬೇಡ. ಇದೂ ಎಳೇ ಕುದುರೇನೇ.”

ಹಾಗೇ ಮಾಡಿದೆ. ಹಿಂದೆ ಮುಂದೆ ಮಾಡಿ ಕಾರನ್ನು ಊರಿನ ಕಡೆ ತಿರುಗಿಸಿದೆ. ಕಾಲು ಇಟ್ಟೂ ಇಡದ ಹಾಗೆ ಇಟ್ಟೆ. ಇಳಿಜಾರಿನಲ್ಲಿ ಕಾರು ಮುನ್ನುಗ್ಗಲು ಎಳೆಯುತ್ತಲೇ ಇತ್ತು. ನನ್ನ ಪಾದದ ಕೆಳಗೆ ಅದರ ಬಲ ತವಕಿಸುವುದು ತಿಳಿಯುತ್ತಿತ್ತು. ಕಿರುಬೆರಳಷ್ಟು ಹೆಚ್ಚು ಒತ್ತಿದರೆ ಮೂವರೂ ಕಣಿವೆಯಲ್ಲಿ. ಬೆವರಿಗೆ ಸ್ಟೀರಿಂಗ್ ಜಾರುತ್ತಿತ್ತು. ಪ್ರತಿ ತಿರುವಿನಲ್ಲೂ ಹಾರ್ನ್ ಬಾರಿಸಿದೆ. ಬಾರಿಸಿದ ಸದ್ದಿಗೆ ನಾನೇ ಬೆಚ್ಚುತ್ತಿದ್ದೆ.

“ನನ್ನ ಕುದುರೆ” ಎಂದಳು ಮಾರ್ಗೆಡ್ ಒಮ್ಮೆ, ಮೆಲ್ಲಗೆ. “ಕಡಿವಾಣ ಕಾಲಿಗೆ ಸಿಕ್ಕಿಕೊಂಡ್ರೆ ಮುರ್ಕೊಳ್ಳುತ್ತೆ.”

ಕನ್ನಡಿಯಲ್ಲಿ ನೋಡಿದೆ. ಟೆಗ್ವಿನ್ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದ.

ಅವಳ ಮನೆಯ ಹತ್ತಿರ ಬಂದಾಗ ಕುದುರೆ ಗೇಟಿನ ಮುಂದೆ ಹುಲ್ಲು ಮೇಯುತ್ತ ನಿಂತಿತ್ತು. ಮೊಣಕಾಲು ತರಚಿತ್ತು, ಅಷ್ಟೇ. ಟೆಗ್ವಿನ್ ಇಳಿದು ಅದನ್ನು ಲಾಯಕ್ಕೆ ಕಟ್ಟಿ ನೀರಿಟ್ಟ. ಬಂದು ಮತ್ತೆ ಹಿಂದಿನ ಸೀಟಿಗೆ ತೂರಿಕೊಂಡ.

ಮಾರ್ಗೆಡ್‌ಳ ಮಣಿಕಟ್ಟಿನ ಮೂಳೆ ಮುರಿದಿತ್ತು. ಅದಕ್ಕೆ ಪ್ಲಾಸ್ಟರ್ ಹಾಕುತ್ತಿರುವಾಗ ಟೆಗ್ವಿನ್ ಆಸ್ಪತ್ರೆಯಿಂದ ಪೊಲೀಸ್ ಠಾಣೆಗೆ ನಡೆದುಹೋಗಿ, ತಾನು ಮಾಡಿದ್ದನ್ನು ತಾನೇ ಹೇಳಿಬಂದ. ದಂಡ ಬಿತ್ತು, ಲೈಸೆನ್ಸಿನ ಮೇಲೆ ತಪ್ಪಿನ ಅಂಕವೂ ಬಿತ್ತು. “ಇನ್ನೂ ಜಾಸ್ತಿ ಹಾಕ್ಬೇಕಿತ್ತು” ಎಂದು ಅವನೇ ಅಂದ.

ಕೈ ಕೂಡಿಕೊಳ್ಳುವವರೆಗೆ ಮಾರ್ಗೆಡ್‌ಳ ಕುದುರೆಗಳ ಲದ್ದಿ ಬಾಚುವ ಕೆಲಸ ಟೆಗ್ವಿನ್ ವಹಿಸಿಕೊಂಡ. ಅವನು ಕಾರು ಮುಟ್ಟುತ್ತಿರಲಿಲ್ಲವಾದ್ದರಿಂದ ದಿನಾ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ನಾನೇ ಅವನನ್ನು ಬಿಟ್ಟು ಬರುತ್ತಿದ್ದೆ. ಭಯ ಹೋಯಿತೆಂದು ಹೇಳಲಾರೆ. ಅದು ಬೊಗಳುವಾಗ ಈಗಲೂ ಎದೆ ಹಾರುತ್ತದೆ. ಮಾರ್ಗೆಡ್ ಮಾತ್ರ ಕಿಟಕಿಯಲ್ಲಿ ತಲೆ ತೂರಿಸಿ, “ಆ ಕೆಂಪು ಗುಂಡಿ ಯಾವ್ದು? ಒತ್ತು ನೋಡೋಣ” ಎಂದು ಕಾಡುತ್ತಿದ್ದಳು. ನಾನು ಒತ್ತಲಿಲ್ಲ.

ಕಾರು ಮಾರಿಬಿಡೋಣವೇ ಎಂದು ಎಷ್ಟೋ ಸಲ ಮಾತು ಬಂತು. ಬೇಸಿಗೆ ಮುಗಿಯುವಾಗ ಒಂದು ಭಾನುವಾರ ಟೆಗ್ವಿನ್ ಊಟದ ತಟ್ಟೆ ಸರಿಸಿ, “ನಾನೊಂದ್ಸಲ ಓಡಿಸ್ಲಾ? ನೀನು ಬೇಡ ಅಂದ್ರೆ ಬೇಡ” ಎಂದ.

ಬೇಡ ಎಂದು ನಾಲಿಗೆ ತುದಿಗೆ ಬಂದಿತ್ತು. ಕೀಲಿ ಕೊಟ್ಟೆ.

ಅದೇ ರಸ್ತೆ ಹಿಡಿದ. ನನ್ನ ಕಾಲುಗಳು ತಾವಾಗಿಯೇ ನೆಲವನ್ನು ಒತ್ತಿದವು. ಅವನು ಸ್ಪೋರ್ಟ್ ಗುಂಡಿಯ ಕಡೆ ನೋಡಲೂ ಇಲ್ಲ. ಆ ದಿಬ್ಬದ ಬುಡಕ್ಕೆ ಬಂದಾಗ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಇಳಿದು ನಡೆದುಕೊಂಡು ಮೇಲಕ್ಕೆ ಹೋದ. ಗಾಳಿಗೆ ಅವನ ಕೋಟು ಪಟಪಟ ಹೊಡೆದುಕೊಳ್ಳುತ್ತಿತ್ತು. ನೆತ್ತಿಯ ಮೇಲೆ ನಿಂತು ಆಚೆ ಕಡೆ ಎಷ್ಟೋ ಹೊತ್ತು ನೋಡಿದ. ಸೀಟಿನ ಅಂಚನ್ನು ಹಿಡಿದುಕೊಂಡು ನಾನು ಅವನನ್ನೇ ನೋಡುತ್ತಿದ್ದೆ.

ಇಳಿದು ಬಂದು ಬೆಲ್ಟು ಹಾಕಿಕೊಂಡ.

“ಯಾರೂ ಇಲ್ಲ ಕಣೇ” ಎಂದ. “ರಸ್ತೆ ಮೇಲೆ ಎರಡು ಕುರಿ ಮಲಗಿದಾವೆ. ಎದ್ದು ಹೋಗ್ಲಿ, ಆಮೇಲೆ ಹೋಗೋಣ.”