ಐನೂರು ಆದಾಗ ವಾಣಿಗೆ ಹೇಳಬೇಕು

ಹಳದಿ ಗಂಟೆ ಕಾಣುತ್ತಿಲ್ಲವಲ್ಲ, ಒಗ್ಗರಣೆಯ ಎಣ್ಣೆ ಬೆರಳು ತಾಗಿ ಮೊಬೈಲು ಮಸುಕಾಗಿದೆ, ಸೆರಗಿನಿಂದ ಒರೆಸಿದೆ, ಹಾಂ, ಇದೆ, ಮೂಲೆಯಲ್ಲಿ ಕಡಲೆಕಾಳಿನಷ್ಟು ಗಂಟೆ, ಅದರ ಕೆಳಗೆ ನಮ್ಮ ಯಜಮಾನರು ಬಕ್ಕೇಶ್ ಟೈಪ್ ಮಾಡಿದ ಸಾಲು — ಐನೂರು ಆದಾಗ ವಾಣಿಗೆ ಹೇಳಬೇಕು. ವಾಣಿ ಅಂದರೆ ನಾನು. ಏನು ಹೇಳಬೇಕಿತ್ತೋ ಅದನ್ನು ಮಾತ್ರ ಬರೆದಿಲ್ಲ. ಪೈಪ್ ಕಂಪನಿಯ ಷೇರು ಐನೂರು ಮುಟ್ಟಿದರೆ ಈ ಗಂಟೆ ಬಾರಿಸುವ ಹಾಗೆ ಷೇರಿನ ಆ್ಯಪಿನಲ್ಲಿ ಗುರುತು ಹಾಕಿಟ್ಟು, ಎರಡು ವರ್ಷದ ಹಿಂದೆ ಹರಿಹರದ ನಮ್ಮ ಪೈಪ್ ಅಂಗಡಿಯಲ್ಲಿ ನೀರು ಕುಡಿಯಲು ಕುಳಿತವರು ಮತ್ತೆ ಏಳಲಿಲ್ಲ, ಆಗ ಷೇರು ಮುನ್ನೂರ ಹತ್ತು, ಈಗ ನಾನೂರ ತೊಂಬತ್ತಾರು, ಆ್ಯಪಿನ ಚಂದಾ ಕಟ್ಟಲು ಇವತ್ತೇ ಕೊನೆ, ಕಟ್ಟದಿದ್ದರೆ ಷೇರು ಎಲ್ಲೂ ಹೋಗುವುದಿಲ್ಲ, ಆದರೆ ಇದರಲ್ಲಿ ಗುರುತು ಹಾಕಿದ್ದು, ಬರೆದದ್ದೆಲ್ಲ ಅಳಿಸಿಹೋಗುತ್ತದಂತೆ.

ಹೋದ್ರೆ ಹೋಗ್ಲಿ ಬಿಡ್ರಿ ಅತ್ತಿಗೆ, ಮೈದುನ ಮಂಜುನಾಥ ಬೆಳಿಗ್ಗೆ ವಿನೋಬನಗರದಿಂದ ಬಂದು ಹೊಸ ಆ್ಯಪ್ ಹಾಕಿಕೊಟ್ಟು ಹೋದ, ಇದು ಬಿಟ್ಟಿ, ಷೇರು ಮ್ಯೂಚುವಲ್ ಫಂಡು ಎಲ್ಲ ಒಂದೇ ಕಡೆ ಕಾಣ್ತಾವೆ, ಕಂಪನಿಗೊಂದು ನಲವತ್ತು ಪುಟದ ರಿಪೋರ್ಟ್ ಐತೆ, ಹಳೇದಕ್ಕೆ ವರ್ಷಾ ನಾಲ್ಕು ಸಾವಿರ ಯಾಕ ಸುರೀತೀರಿ. ಅವನು ಹೇಳುವುದು ಸರಿಯೇ, ಹೊಸದು ಚೆನ್ನಾಗಿದೆ, ನಾನೇನು ದಡ್ಡಿಯಲ್ಲ, ಎರಡು ವರ್ಷದಲ್ಲಿ ಎಲ್ಲ ಕಲಿತಿದ್ದೇನೆ, ಆದರೆ ನಲವತ್ತು ಪುಟ ಯಾರು ಓದಿದರು, ನಮ್ಮ ಯಜಮಾನರ ರಿಸರ್ಚ್ ಅಂದರೆ ಭಾನುವಳ್ಳಿಯ ಗುತ್ತೆಪ್ಪ, ಗದ್ದೆಗೆ ಪೈಪ್ ಕೊಳ್ಳಲು ಬಂದವನು ಬ್ಯಾರೇದು ಬ್ಯಾಡ್ರಿ, ಇದನ್ನೇ ಕೊಡ್ರಿ, ಟ್ರಾಕ್ಟರ್ ಹತ್ತಿದ್ರೂ ಒಡೆದಿಲ್ಲ ಅಂದದ್ದೇ ತಡ, ಮಾರನೇ ದಿನವೇ ಆ ಕಂಪನಿಯ ಇನ್ನೂರು ಷೇರು ಕೊಂಡರು, ಊಟಕ್ಕೆ ಕುಳಿತು ಮೀಸೆಯೊಳಗೇ ನಗು, ಏನ್ರೀ ಅದು ಅಂದರೆ ಏನಿಲ್ಲ ಕಣೇ, ಸಾರು ಹಾಕು.

ಈ ಮನೆಯವರೇ ಹಾಗೆ, ಕೆಲಸ ಕೈಗೂಡುವ ತನಕ ಬಾಯಿ ಬಿಡುವುದಿಲ್ಲ, ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸಬ್ಯಾಡ್ರಿ ಅಂತ ಅತ್ತೆ ಕಸ್ತೂರಮ್ಮ ಇಬ್ಬರು ಮಕ್ಕಳನ್ನೂ ಬೆಳೆಸಿದ್ದೇ ಹಾಗೆ, ನಿಜಲಿಂಗಪ್ಪ ಬಡಾವಣೆಯ ಈ ಮನೆ ಕೊಂಡದ್ದು ನನಗೆ ಗೊತ್ತಾದದ್ದು ರಿಜಿಸ್ಟ್ರೇಷನ್ ಮುಗಿದ ಮೇಲೆ, ಮೂರು ದಿನ ಮಾತು ಬಿಟ್ಟಿದ್ದೆ, ನಾಲ್ಕನೇ ದಿನ ಮಲ್ಲಿಗೆ ತಂದರು. ಷೇರು ಕೊಂಡ ಮೇಲಿನ ಆ ಸಂಜೆಯೂ ಹಾಗೇ, ಹರಿಹರದ ಹೊಳೆ ದಂಡೆ, ನಡುವೆ ಮಂಡಕ್ಕಿ ಪೊಟ್ಟಣ, ವಾಣಿ, ಒಂದು ಮಾತೈತೆ, ಅಂದರು, ಹೇಳ್ರಿ, ಅಂದೆ, ಅಷ್ಟರಲ್ಲಿ ಸೇತುವೆ ಮೇಲೆ ರೈಲು, ಅದು ದಾಟುವ ತನಕ ಮಂಡಕ್ಕಿ ಮೆಲ್ಲುತ್ತಿದ್ದು, ಬ್ಯಾಡ, ಆದಾಗ ಹೇಳ್ತೀನಿ. ನಾನಾದರೂ ಇನ್ನೊಂದು ಸಲ ಕೇಳಿದೆನಾ, ಇಲ್ಲ, ಬಸ್ ತಪ್ಪುತ್ತೆ ಏಳ್ರಿ ಅಂದೆ. ಆ ಬಸ್ಸು ತಪ್ಪಬೇಕಿತ್ತು. ಹೇಳಬೇಕಿದ್ದದ್ದು ಹೊಳೆ ಕಾಣುವ ಮನೆಯೋ, ಅಂಗಡಿ ಮುಚ್ಚಿ ಇಬ್ಬರೇ ಎಲ್ಲಾದರೂ ಹೋಗುವುದೋ, ಏನಾದರೂ ಇರಲಿ, ಏನೂ ಇಲ್ಲದಿದ್ದರೂ ಇರಲಿ, ಆ ದನಿಯೊಂದು ಬೇಕು ನನಗೆ, ವಾಣಿ ಅಂತ ಒಂದು ಸಲ.

ಆ ಸಾಲಿಂದು ಫೋಟೊ ಹೊಡ್ಕೊಳ್ರಿ, ಇಲ್ಲಾ ಹೊಸದರಾಗೆ ನೀವೇ ಟೈಪ್ ಮಾಡ್ರಿ, ಮಂಜುನಾಥನಿಗೆ ಎಲ್ಲ ಸಲೀಸು — ಫೋಟೊದಲ್ಲಿರುವ ಗಂಟೆ ಬಾರಿಸುವುದಿಲ್ಲ ಮಾರಾಯ, ನಾನು ಟೈಪ್ ಮಾಡಿದರೆ ನನಗೆ ನಾನೇ ಹೇಳಿಕೊಂಡ ಹಾಗೆ. ಗಡಿಯಾರದಲ್ಲಿ ಮೂರೂ ಇಪ್ಪತ್ತೇಳು, ಷೇರು ನಾನೂರ ತೊಂಬತ್ತೆಂಟು. ವಾಣೀ, ಎಷ್ಟಾತವ್ವ, ಒಳಗಿನಿಂದ ಅತ್ತೆ, ತೊಂಬತ್ತೆಂಟು ಅತ್ತೆ, ಏರ್ಲಿ ಏರ್ಲಿ, ಅವನ ಆಸೆ ಅದು. ತೊಂಬತ್ತೊಂಬತ್ತು. ಗಂಟೆ ಬಾರಿಸಿದರೆ ಏನಿರುತ್ತದೆ, ಇದೇ ಸಾಲು, ಹೇಳಬೇಕು ಅಂತ, ಹೇಳುವವರಿಲ್ಲದೆ, ಅಲ್ಲಿಗೆ ಮುಗಿಯಿತು, ಬೇಡ, ಏರಬೇಡ, ಷೇರು ಇಟ್ಟುಕೊಂಡು ಏರಬೇಡ ಅಂತ ಬೇಡುವ ಹುಚ್ಚಿ ಇಡೀ ದಾವಣಗೆರೆಯಲ್ಲಿ ನಾನೊಬ್ಬಳೇ ಇರಬೇಕು, ತೊಂಬತ್ತೆಂಟೂವರೆ, ಮೂರೂವರೆ, ಷೇರು ಪೇಟೆ ಮುಚ್ಚಿತು. ನಾಲ್ಕು ಸಾವಿರ ಕಟ್ಟಿಬಿಟ್ಟೆ. ಇನ್ನೊಂದು ವರ್ಷ ಅಂತ ತೋರಿಸುತ್ತಿದೆ. ಹೇಳುವುದು ಇನ್ನೂ ಇದೆ ಅವರಿಗೆ, ಕೇಳುವುದು ಇನ್ನೂ ಇದೆ ನನಗೆ, ನಾಳೆ ಒಂಬತ್ತೂಕಾಲಿಗೆ ಮತ್ತೆ ಪೇಟೆ ತೆರೆಯುತ್ತದೆ, ನಾಳೆ ಏನೋ, ಬಿಡು, ಹಳದಿ ಗಂಟೆ, ಕೆಳಗೆ ಅವರ ಸಾಲು, ವಾಣಿಗೆ ಹೇಳಬೇಕು, ಹಳದಿ ಗಂಟೆ —